ಏಳನೆಯ ಹೆಸರು

ಸಂಜೆ ಐದರೊಳಗೆ ಹೆಸರು ಬೇಕು ಎಂದು ಎರಡು ಕಡೆಯಿಂದಲೂ ಹೇಳಿದ್ದರು. ಹೆರಿಗೆ ಆಸ್ಪತ್ರೆಯ ಕ್ಲರ್ಕಮ್ಮ ಅವನ ನಾಲ್ಕು ದಿನದ ಮಗಳ ಫಾರಂ ತುಂಬಿಸಿಕೊಂಡು ತಾಯಿ ಮಗುವನ್ನು ಮನೆಗೆ ಕಳಿಸಬೇಕಿತ್ತು. ಕಾರ್ಖಾನೆಯ ಮ್ಯಾನೇಜರು ಕಕ್ಕಸು ತೊಳೆಯುವ ಹೊಸ ದ್ರವದ ಲೇಬಲ್ಲನ್ನು ಅಚ್ಚಿಗೆ ಕಳಿಸಬೇಕಿತ್ತು. ಎರಡಕ್ಕೂ ಇವನೊಬ್ಬನೇ ಗತಿ. ಮೇಜಿನ ಮೇಲಿದ್ದ ಮಾದರಿ ಬಾಟಲಿಯ ಮುಚ್ಚಳ ತಿರುಗಿಸಿ ಮೂಸಿದ. ಮೊದಲು ಗುಲಾಬಿ, ಅದರ ಬೆನ್ನಿಗೇ ಆ್ಯಸಿಡ್. ಜ್ವರದಲ್ಲಿರುವವರು ಪೌಡರು ಮೆತ್ತಿಕೊಂಡು ಪಕ್ಕದಲ್ಲಿ ಕೂತ ಹಾಗೆ. ಹತ್ತೊಂಬತ್ತು ವರ್ಷ ಇಂಥವನ್ನು ಮೂಸಿ ಮೂಸಿ ಮೂಗು ಸತ್ತಿದೆ ಎಂದುಕೊಂಡಿದ್ದ. ಸತ್ತಿರಲಿಲ್ಲ. ಬೆಳಿಗ್ಗೆ ಆಸ್ಪತ್ರೆಯಲ್ಲಿ ಮಗುವನ್ನು ಎತ್ತಿಕೊಂಡಾಗ ಅದರ ನೆತ್ತಿಯಿಂದ ಬಂದ ವಾಸನೆ, ಹಾಲಿನದೋ ಬೆವರಿನದೋ ಹೇಳಲಾಗದ ಆ ಬೆಚ್ಚನೆಯ ವಾಸನೆ, ಅಂಗಿಯ ಭುಜದ ಮೇಲೆ ಇನ್ನೂ ಎಲ್ಲೋ ಇತ್ತು. ಈಗ ಈ ಗುಲಾಬಿ ಬಂದು ಅದರ ಮೇಲೆ ಕೂತುಬಿಟ್ಟಿತು. ನಸುಗೆಂಪು ದ್ರವ ಅಲುಗಾಡಿಸಿದರೆ ಬಾಟಲಿಯ ಒಳಮೈಗೆ ಅಂಟಿಕೊಂಡು ಜೊಲ್ಲಿನ ಹಾಗೆ ನಿಧಾನವಾಗಿ ಇಳಿಯುತ್ತಿತ್ತು. ಬೆರಳಿಗೆ ತಗುಲಿದ್ದನ್ನು ಕರವಸ್ತ್ರಕ್ಕೆ ಒರೆಸಿದ. ಆ ಕರವಸ್ತ್ರವನ್ನು ಮತ್ತೆ ಜೇಬಿಗಿಡಲು ಹೇಸಿಗೆಯಾಗಿ ಡ್ರಾಯರಿನೊಳಗೆ ತುರುಕಿದ.

ಕಾರ್ಖಾನೆಯಲ್ಲಿ ಅವನಿಗೆ ನಾಮಕರಣದ ಸಾಹೇಬರು ಎಂದು ಹೆಸರು. ಎದುರಿಗೆ ಸಾಹೇಬರು, ಬೆನ್ನ ಹಿಂದೆ ಬರೀ ನಾಮ. ನೆಲ ಒರೆಸುವುದು, ಕಟ್ಟಿಕೊಂಡ ಮೋರಿ ಬಿಡಿಸುವುದು, ಜಿರಳೆ ಕೊಲ್ಲುವುದು, ಕಲೆ ತೆಗೆಯುವುದು, ಹೀಗೆ ಮನುಷ್ಯನ ಕೊಳೆಗೆ ಸಂಬಂಧಪಟ್ಟ ಏನೇ ತಯಾರಾದರೂ ಅದು ಹೆಸರಿಲ್ಲದೆ ಅವನ ಮೇಜಿಗೆ ಬಂದು ಹೆಸರು ಹೊತ್ತುಕೊಂಡು ಹೋಗುತ್ತಿತ್ತು. ಮೊದಮೊದಲು ಹೆಮ್ಮೆಯೂ ಇತ್ತು. ನಿಘಂಟಿನ ಮೂಲೆಯಲ್ಲಿ ಯಾರ ತಂಟೆಗೂ ಹೋಗದೆ ಮಲಗಿದ್ದ ಶಬ್ದವೊಂದನ್ನು ಎಬ್ಬಿಸಿ ತಂದು ಡಬ್ಬಿಗೆ ಅಂಟಿಸಿದರೆ ಆರು ತಿಂಗಳಲ್ಲಿ ಅದು ಅಂಗಡಿಯವರ ಬಾಯಲ್ಲಿ ಓಡಾಡುತ್ತಿತ್ತು. ಬೆಳದಿಂಗಳಿನ ಹೆಸರು ಬ್ಲೀಚಿಂಗ್ ಪುಡಿಗೆ ಹೋಯಿತು. ಮೊದಲ ಮಳೆಯ ಹೆಸರು ಫಿನಾಯಿಲಿಗೆ ಹೋಯಿತು. ಮೆತ್ತಗಿನ, ಬಾಯಿ ತುಂಬುವ, ಅಂಗಳದಲ್ಲಿ ನಿಂತು ಮಕ್ಕಳನ್ನು ಕರೆಯಲು ಒದಗುವ ಶಬ್ದಗಳನ್ನೆಲ್ಲ ಹೀಗೆ ಒಂದೊಂದಾಗಿ ತಾನೇ ಮೋರಿಗೆ ಸುರಿದಿದ್ದ. ಈಗ ಸ್ವಂತ ಮಗಳಿಗೆಂದು ಹುಡುಕಹೊರಟರೆ ಕೈಗೆ ಸಿಕ್ಕಿದ್ದೆಲ್ಲ ನಾರುತ್ತಿತ್ತು. ಮೂರು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆದ ಪಟ್ಟಿಯಲ್ಲಿ ಒಂದು ಹೆಸರು ಹೇಳಿಕೊಂಡರೆ ಹಲ್ಲಿನ ಡಾಕ್ಟರ ಹತ್ತಿರ ಚೀಟಿ ಕೊಡುವ ಸಿಡುಕು ಮೋರೆಯವಳು ಎದುರಿಗೆ ಬರುತ್ತಿದ್ದಳು, ಇನ್ನೊಂದು ಹೇಳಿಕೊಂಡರೆ ಮೂರನೇ ಕ್ಲಾಸಿನಲ್ಲಿ ಅವನ ಪುಸ್ತಕದ ಮೇಲೆ ವಾಂತಿ ಮಾಡಿಕೊಂಡಿದ್ದ ಹುಡುಗಿ. ಒಂದರ ಅರ್ಥ ಚೆಂದ, ಸದ್ದು ಮಾತ್ರ ಕಫ ಕ್ಯಾಕರಿಸಿದ ಹಾಗೆ. ಇನ್ನೊಂದರ ಸದ್ದು ಚೆಂದ, ಅರ್ಥ ನೋಡಿದರೆ ಗಂಡನ ಮಾತು ಮೀರದವಳು ಎಂದು. ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಬೆಂಚಿನ ಕೆಳಗಿನ ಕಸದ ಬುಟ್ಟಿಗೆ ಹಾಕಿದಾಗ ಅದು ಯಾರೋ ಒರೆಸಿ ಬಿಸಾಡಿದ್ದ ಹತ್ತಿಯ ಮೇಲೆ ಹೋಗಿ ಬಿತ್ತು.

ಹೆಂಡತಿಗೆ ಈ ಕಷ್ಟವೇ ಇರಲಿಲ್ಲ. ಅವಳ ಹತ್ತಿರ ಹೆಸರು ಹನ್ನೊಂದನೇ ವಯಸ್ಸಿನಿಂದ ಇತ್ತು. ಲೆಕ್ಕದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದು, ಯಾರೂ ನೋಡದಿರಲೆಂದು ಅದರ ಮೇಲೊಂದು ಕಾಗದ ಅಂಟಿಸಿದ್ದಳಂತೆ. ಇಬ್ಬನಿ. ಮದುವೆಯಾಗಿ ಒಂಬತ್ತು ವರ್ಷ, ಎರಡು ಸಲ ಹೊಟ್ಟೆಯಲ್ಲೇ ಹೋದ ಮೇಲೆ, ಈ ಸಲ ಉಳಿದ ಮಗುವನ್ನು ಎದೆಗವಚಿಕೊಂಡು ಮೊದಲ ಬಾರಿಗೆ ಗಂಡನಿಗೆ ಅದನ್ನು ಹೇಳಿದಳು. “ಇ ಅನ್ನುವಾಗ ಮುಖ ನಗುತ್ತೆ ನೋಡ್ರಿ. ಮಧ್ಯದಲ್ಲಿ ತುಟಿ ಎರಡೂ ಸೇರುತ್ವೆ, ಒಂದು ಮುತ್ತು ಕೊಟ್ಟ ಹಾಗೆ. ಆಮೇಲೆ ಮತ್ತೆ ನಗು. ಕರೆದಾಗೆಲ್ಲ ಒಂದು ಮುತ್ತು ಪುಕ್ಕಟೆ.” ಅವನು ಅವಳ ಒಡೆದ ತುಟಿಗಳನ್ನು ನೋಡುತ್ತ “ನೋಡೋಣ” ಎಂದ. ಆ ಮಾತು ಬಾಯಿಂದ ಬಿದ್ದೊಡನೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಮ್ಯಾನೇಜರು ಬೇಡವೆನ್ನುವ ಮುಂಚೆ ಹೇಳುವ ಮಾತು ಅದು. ಅವಳು ಮಗುವಿನ ಕಿವಿ ಮುಚ್ಚುವವಳ ಹಾಗೆ ಬಟ್ಟೆ ಎಳೆದು ಹೇಳಿದಳು: “ನಿಮ್ಮ ಆ ಪ್ಯಾಕಿಂಗಿನ ಎಂಟು ಜನರ ಬಾಯಿಗೆ ಮಾತ್ರ ಇದನ್ನ ಹಾಕಬೇಡಿ. ನಿಮ್ಮ ಅಕ್ಕನಿಗೆ ಆಗಿದ್ದು ಸಾಕು.”

ಅಕ್ಕನಿಗೆ ಆಗಿದ್ದು. ಅಕ್ಕ ಚಿಕ್ಕವಳಿದ್ದಾಗ ಎಲ್ಲರಿಗಿಂತ ಜೋರಾಗಿ ಓಡುತ್ತಿದ್ದಳು ಎಂದು ಅಪ್ಪ ಅವಳನ್ನು ಮಿಂಚು ಎನ್ನುತ್ತಿದ್ದ. ಶಾಲೆಯ ಹೆಸರು ಬೇರೆ. ಇದು ಮನೆಯೊಳಗಿನದು, ಅಪ್ಪ ಅಮ್ಮ ಇವನು, ಮೂರು ಜನರ ಬಾಯಿಯದು. ಜಿರಳೆ ಔಷಧಿ ಹೊಸದಾಗಿ ಬಂದ ವರ್ಷ, ಸಿಂಪಡಿಸಿದ ಕೂಡಲೇ ಸಾಯುತ್ತದೆ, ಎರಡಕ್ಷರದ ಚುರುಕಾದ ಹೆಸರು ಬೇಕು ಎಂದಾಗ ಅವನಿಗೆ ಒಡನೆ ಹೊಳೆದದ್ದು ಅದೇ. ಪ್ರೀತಿಯಿಂದಲೇ ಇಟ್ಟೆ ಎಂದು ಆಗ ಅಂದುಕೊಂಡಿದ್ದ, ಇವತ್ತಿಗೂ ಕೇಳಿದವರಿಗೆ ಹಾಗೇ ಹೇಳುತ್ತಾನೆ. ಡಬ್ಬಿಯ ಮೇಲೆ ಬೆನ್ನಡಿಯಾಗಿ ಕಾಲು ಮೇಲೆ ಮಾಡಿಕೊಂಡು ಬಿದ್ದ ಜಿರಳೆ, ಅದರ ಮೇಲೆ ಹಳದಿ ಅಕ್ಷರದಲ್ಲಿ ಅಕ್ಕ. ತವರಿನವರು ಹಾಗೆ ಕರೆಯುವುದನ್ನು ಕೇಳಿದ್ದ ಅವಳ ನಾದಿನಿ ಅದನ್ನು ಕೊಂಡು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಬಂದವರಿಗೆಲ್ಲ “ನಮ್ಮ ಅತ್ತಿಗೆ ಬಂದಿದ್ದಾರೆ ನೋಡಿ” ಎಂದು ತೋರಿಸಿ ನಕ್ಕಳಂತೆ. ಅಕ್ಕ ಬೈಯಲಿಲ್ಲ. ತವರಿಗೆ ಬಂದಾಗ ಇವನು “ಮಿಂಚೂ, ಕಾಫಿ ತಗೋ” ಎಂದು ಲೋಟ ಚಾಚಿದರೆ ಲೋಟ ತೆಗೆದುಕೊಂಡು, ಊದಿ ಆರಿಸುತ್ತ, “ಹಾಗೆ ಕರೆಯೋರು ಮೂರೇ ಜನ ಇದ್ರಿ ಕಣೋ. ಇನ್ನು ನೀವೂ ಕರೀಬೇಡಿ” ಎಂದಿದ್ದಳು. ಈಗ ಫೋನು ಮಾಡಿದರೆ “ನಾನು ಕಣೋ” ಎನ್ನುತ್ತಾಳೆ. ಬರೀ ನಾನು. ಆ ನಾನು ಎನ್ನುವುದರ ಮುಂದೆ ಒಂದು ಖಾಲಿ ಜಾಗ ಇರುತ್ತದೆ, ಅದು ಅವನಿಗೆ ಪ್ರತಿ ಸಲವೂ ಕೇಳಿಸುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಕಕ್ಕಸಿನ ದ್ರವದ ಹೆಸರುಪಟ್ಟಿಯ ಏಳನೆಯ ಸಾಲಿನಲ್ಲಿ ಇಬ್ಬನಿ ಎಂದು ಬರೆದ. ಹನ್ನೆರಡು ಹೆಸರು ಇರಬೇಕು ಎಂಬುದು ಪದ್ಧತಿ, ಹನ್ನೊಂದು ಇದ್ದವು, ಅಷ್ಟೇ ಎಂದುಕೊಂಡ. ಸುಳ್ಳು. ಎಂಟು ಜನ ಬಾಯಿಬಿಡುವವರೆಗೆ ಯಾವ ಶಬ್ದವನ್ನೂ ನಂಬಲಾರದ ಹಾಗೆ ಅವನ ಕಿವಿ ಕೆಟ್ಟುಹೋಗಿತ್ತು. ಹೆಂಡತಿ ಎದೆಯೊಳಗಿಂದ ತೆಗೆದುಕೊಟ್ಟದ್ದನ್ನೂ ಬೇರೆಯವರ ಮೂಗಿಗೆ ಹಿಡಿದು ನೋಡದೆ ಅವನಿಗೆ ಸಮಾಧಾನವಿಲ್ಲ. ಕಕ್ಕಸಿನ ಹೆಸರುಗಳ ನಡುವೆ ಕೂತರೆ ಯಾರಿಗೂ ಗುರುತಾಗುವುದಿಲ್ಲ, ಒಬ್ಬಿಬ್ಬರು ಕೈಯೆತ್ತಿದರೆ ಚೆನ್ನಾಗಿದೆ ಎಂದು ತನಗೆ ತಿಳಿಯುತ್ತದೆ, ಅಷ್ಟಾದರೆ ಸಂಜೆ ಹೋಗಿ ಹೂಂ ಎನ್ನಬಹುದು. ಎಲ್ಲರೂ ಕೈಯೆತ್ತುವುದಂತೂ ಇಲ್ಲ. ಹತ್ತೊಂಬತ್ತು ವರ್ಷದಲ್ಲಿ ಹಾಗಾದದ್ದೇ ಇಲ್ಲ.

ಹನ್ನೊಂದು ಗಂಟೆಗೆ ಪ್ಯಾಕಿಂಗಿನ ಎಂಟು ಹೆಂಗಸರು ಕ್ಯಾಂಟೀನಿನ ಉದ್ದ ಮೇಜಿಗೆ ಬಂದು ಕೂತರು. ಮೇಜು ಒರೆಸಿದ್ದರು, ಆದರೆ ಒರೆಸಿದ ಬಟ್ಟೆಯೇ ಹುಳಿ ನಾರುತ್ತಿತ್ತು. ಮೊಣಕೈ ಊರಿದ ಕಡೆ ಅಂಗಿ ಒದ್ದೆಯಾಯಿತು. ಎಂಟು ಜೊತೆ ಕೈಗಳು ಸೋಪಿನ ಪುಡಿಯಿಂದ ಬಿರಿದು ಬೆಳ್ಳಗಾಗಿದ್ದವು. ಅವನು ಒಂದು ಹೆಸರು ಓದಬೇಕು, ಮನಸ್ಸಿನಲ್ಲೇ ಮೂರು ಎಣಿಸಬೇಕು, ಅಷ್ಟರಲ್ಲಿ ಅವರು ತಲೆಗೆ ಮೊದಲು ಬಂದದ್ದನ್ನು ಹೇಳಬೇಕು, ಅವನು ಬರೆದುಕೊಳ್ಳಬೇಕು. ಎಲ್ಲ ಮುಗಿದ ಮೇಲೆ ಮತ್ತೊಮ್ಮೆ ಓದಿದಾಗ ಬೇಕಾದದ್ದಕ್ಕೆ ಕೈಯೆತ್ತಬೇಕು. ಬರೆದ ಹಾಳೆಗೆ ಹಿರಿಯಳು ಸಹಿ ಮಾಡಿ ನೇರವಾಗಿ ಮ್ಯಾನೇಜರ ಕೋಣೆಗೆ ತಾನೇ ಒಯ್ಯುತ್ತಾಳೆ, ನಡುವೆ ಯಾರೂ ತಿದ್ದಬಾರದು. ಆ ಕಟ್ಟಳೆ ಮಾಡಿದವನೂ ಅವನೇ. ಯಾವನೋ ಸೇಲ್ಸಿನವನು ತನ್ನ ಅತ್ತೆಯ ಹೆಸರನ್ನು ತೂರಿಸಲು ನೋಡಿದ್ದಕ್ಕೆ ಮಾಡಿದ್ದು.

“ಶುಭ್ರ,” ಎಂದ.

“ಆಸ್ಪತ್ರೆ.” “ನರ್ಸಮ್ಮ.” “ಹೆಣಕ್ಕೆ ಹೊದಿಸೋ ಬಟ್ಟೆ ಸಾರ್.”

“ಅಲೆ.”

“ಬಸ್ಸಲ್ಲಿ ಹೊಟ್ಟೆ ತೊಳಸುತ್ತಲ್ಲ, ಹಂಗೆ.”

“ನಿರ್ಮಲ.”

“ಅಯ್ಯೋ, ನನ್ನ ಓರಗಿತ್ತಿ! ಬೇಡ ಸಾರ್, ಕಕ್ಕಸಿಗೆ ಅವಮಾನ,” ಎಂದಳು ಒಬ್ಬಳು. ಎಂಟೂ ಜನ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಅವನೂ ಹಲ್ಲು ಬಿಟ್ಟ. ಈ ನಗುವಿಗಾಗಿಯೇ ಅವರು ಬರುತ್ತಾರೆ, ಅರ್ಧ ಗಂಟೆ ಕೂತು ಕಾಲು ಚಾಚಿಕೊಳ್ಳಬಹುದು ಎಂದು ಬರುತ್ತಾರೆ, ತಾನು ಮಾತ್ರ ಇದನ್ನು ಶಾಸ್ತ್ರ ಎಂದುಕೊಂಡು ಬರೆದುಕೊಳ್ಳುತ್ತೇನೆ ಎನ್ನಿಸಿತು. ಪೆನ್ನಿನ ತುದಿ ಏಳನೆಯ ಸಾಲಿಗೆ ಬಂತು. ದಾಟಿ ಹೋಗಬಹುದಿತ್ತು. ನೀರು ಕುಡಿದ, ಲೋಟದ ಅಂಚಿನಲ್ಲಿ ಯಾರದೋ ತುಟಿಯ ಗುರುತಿತ್ತು.

“ಇಬ್ಬನಿ,” ಎಂದ.

ಒಂದು, ಎರಡು, ಮೂರು ಎಣಿಸಿದ. ಆಮೇಲೆ ಎಲ್ಲರಿಗಿಂತ ಹಿರಿಯಳು, ದೊಡ್ಡಮ್ಮ ಎಂದು ಕಾರ್ಖಾನೆಯೆಲ್ಲ ಕರೆಯುವವಳು, “ಬೆಳಗ್ಗೆ,” ಎಂದಳು. “ತಣ್ಣಗೆ.” “ಯಾರೂ ಇನ್ನೂ ತುಳಿದಿಲ್ಲ, ಹಂಗೆ ಸಾರ್.” ಅವನ ಎದೆ ಅರಳಿತು. ಬರೆದುಕೊಳ್ಳುತ್ತ ಅಕ್ಷರ ದುಂಡಗಾದವು. ಎರಡನೆಯ ಸಲ ಓದಿದಾಗ ಎಂಟೂ ಕೈ ಮೇಲೆದ್ದವು, ಬಿರಿದ ಅಂಗೈ ಎಂಟು, ಮತ್ತು ಅವನು ಅವುಗಳನ್ನು ಎಣಿಸುತ್ತ ಎಂಟು ಎಂದು ಬರೆದ ಮೇಲಷ್ಟೇ ಅದರ ಅರ್ಥ ಕಾಲಿನಿಂದ ಮೇಲಕ್ಕೆ ಏರಿ ಬಂತು. ಅಷ್ಟರಲ್ಲಿ ದೊಡ್ಡಮ್ಮ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು, ಕನ್ನಡಕ ಹುಡುಕಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡುತ್ತಿದ್ದಳು. ತಡೆಯಬಹುದಿತ್ತು. ಹಾಳೆ ತಪ್ಪಾಗಿದೆ, ಮತ್ತೊಂದು ಬರೆಯೋಣ ಎಂದರೆ ಅವಳು ಪ್ರಶ್ನೆ ಕೇಳುವವಳಲ್ಲ. ಆದರೆ ಉಳಿದ ಏಳು ಜನ ಏಕೆ ಎಂದು ಕೇಳುತ್ತಿದ್ದರು, ಮಗಳ ಹೆಸರನ್ನು ತಂದು ಇಲ್ಲಿ ಕಲಸಿದೆ ಎಂದು ಎಂಟು ಹೆಂಗಸರ ಮುಂದೆ ಬಾಯಿಬಿಡಬೇಕಾಗುತ್ತಿತ್ತು. ಅವನು ಪೆನ್ನಿಗೆ ಮುಚ್ಚಳ ಹಾಕಿದ.

ಮ್ಯಾನೇಜರು ಕರೆಸಿದಾಗ ಮಾತು ಸಿದ್ಧ ಮಾಡಿಕೊಂಡೇ ಹೋಗಿದ್ದ. ಮ್ಯಾನೇಜರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಹಾಳೆಯನ್ನು ಬೀಸಣಿಗೆ ಮಾಡಿಕೊಂಡಿದ್ದರು. “ಏನ್ರೀ ಇದು, ಎಂಟಕ್ಕೆ ಎಂಟು! ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ?” ಎಂದರು. ಅವನು, “ಸಾರ್, ಅದೊಂದು ಬಿಟ್ಟು...” ಎಂದು ಶುರುಮಾಡಿದ. ಮ್ಯಾನೇಜರು ಕೇಳಿಸಿಕೊಳ್ಳಲಿಲ್ಲ. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, “ಆದ್ರೂ ಸ್ವಲ್ಪ ಕವಿತೆ ಗಿವಿತೆ ಥರ ಆಯ್ತಲ್ವೇನ್ರೀ? ಹೇಳೋಕೆ ಚೆನ್ನಾಗಿರುತ್ತಾ? ನನಗ್ಯಾಕೋ ಅಷ್ಟು ಹಿಡಿಸಲಿಲ್ಲ,” ಎಂದರು. ದೇವರು ತೆರೆದು ಕೊಟ್ಟ ಬಾಗಿಲು ಅದು. ಹೌದು ಸಾರ್, ಬೇಡ ಸಾರ್ ಎಂದರೆ ಮುಗಿದಿತ್ತು. ಆದರೆ ಹಿಡಿಸಲಿಲ್ಲ ಎಂಬ ಮಾತು ಅವನಿಗೆ ಚುಚ್ಚಿತು. ಆ ದಪ್ಪ ಕುತ್ತಿಗೆಯ ಮನುಷ್ಯನಿಗೆ, ಫಿನಾಯಿಲಿಗೆ ಫಿನಾಯಿಲು ಎಂದೇ ಹೆಸರಿಡೋಣ ಎಂದಿದ್ದವನಿಗೆ, ತನ್ನ ಮಗಳ ಹೆಸರು ಹಿಡಿಸಲಿಲ್ಲವಂತೆ. ರೋಷ ಬಂತು. “ಹೇಳಿ ನೋಡಿ ಸಾರ್,” ಎಂದು ಅವನ ಬಾಯಿ ತಾನಾಗಿ ಹೇಳಿತು. “ಇ ಅನ್ನುವಾಗ ಮುಖ ನಗುತ್ತೆ. ಮಧ್ಯದಲ್ಲಿ ತುಟಿ ಎರಡೂ ಸೇರುತ್ವೆ. ಒಂದು ಮುತ್ತು ಕೊಟ್ಟ ಹಾಗೆ. ಆಮೇಲೆ ಮತ್ತೆ ನಗು.”

ಮ್ಯಾನೇಜರು ಹೇಳಿ ನೋಡಿದರು. ಮೀಸೆಯ ಕೆಳಗೆ ಆ ತುಟಿಗಳು ಸೇರಿದವು, ಒದ್ದೆಯಾಗಿ ಬಿಟ್ಟುಕೊಂಡವು. ಇನ್ನೊಂದು ಸಲ ಹೇಳಿದರು. “ಅರೆ, ಹೌದಲ್ರೀ!” ಎಂದು ಮೇಜು ಕುಟ್ಟಿ, “ಭಲೇ ನಾಮಕರಣ! ಲೇಬಲ್ ಮೇಲೂ ಹಾಕಿಸೋಣ, ಒಂದು ನಗೋ ಬಾಯಿ,” ಎಂದು ಹಾಳೆಯ ಮೂಲೆಯಲ್ಲಿ ಸಹಿ ಗೀಚಿದರು. ಅವನು ನಿಂತಲ್ಲೇ ಬಾಗಿ ಥ್ಯಾಂಕ್ಸ್ ಎಂದ. ಹೆಂಡತಿ ನೋವಿನ ನಡುವೆ, ಒಡೆದ ತುಟಿಯಿಂದ ಹೇಳಿಕೊಟ್ಟದ್ದನ್ನು ಕಕ್ಕಸಿನ ಗುಂಡಿಗೆ ತಾನೇ ಮಾರಿದ್ದ, ಅದೂ ಯಾರೂ ಕೇಳದೆ, ವಾದ ಮಾಡಿ ಗೆದ್ದು. ಹೊರಗೆ ಬಂದು ನಲ್ಲಿಯ ಕೆಳಗೆ ಕೈ ಹಿಡಿದ. ಕಾರ್ಖಾನೆಯ ಸೋಪಿನಿಂದ ಮೂರು ಸಲ ತಿಕ್ಕಿ ತೊಳೆದ. ಸೋಪಿಗೂ ಅದೇ ಗುಲಾಬಿ ವಾಸನೆ ಹಾಕಿದ್ದರು.

ನಾಲ್ಕೂವರೆಗೆ ಗೇಟಿನ ಹತ್ತಿರ ದೊಡ್ಡಮ್ಮ ಕಾದಿದ್ದಳು. ಸೆರಗಿನಲ್ಲಿ ಸುತ್ತಿದ್ದ ಪುಟ್ಟ ಟೋಪಿಯೊಂದನ್ನು ಅವನ ಕೈಗಿಟ್ಟಳು, ಹಳದಿ ಉಣ್ಣೆಯದು, ಬಿಡುವಿನಲ್ಲಿ ಎಂಟೂ ಜನ ಒಂದೊಂದು ಸುತ್ತು ಹೆಣೆದದ್ದು. “ಹೆಣ್ಣು ಮಗುವಂತಲ್ಲ ಸಾರ್, ತುಂಬ ವರ್ಷದ ಮೇಲೆ. ಒಳ್ಳೇದಾಯ್ತು. ಹೆಸರೇನಿಟ್ರಿ?”

“ಇನ್ನೂ ಇಲ್ಲ ದೊಡ್ಡಮ್ಮ.”

“ಇಡಿ ಇಡಿ, ಇಡೋದ್ರಲ್ಲಿ ನಿಮ್ಮ ಬಿಟ್ರೆ ಯಾರು,” ಎಂದು ನಕ್ಕು, ಆಮೇಲೆ ದನಿ ತಗ್ಗಿಸಿ ಹೇಳಿದಳು: “ಇವತ್ತು ಕೈ ಎತ್ತಿದ್ದು ಯಾಕೆ ಗೊತ್ತಾ? ಉಳಿದಿದ್ದೆಲ್ಲ ನೀವು ಪಟ್ಟಿ ಓದಿದ ಹಾಗೆ ಓದಿದ್ರಿ. ಅದೊಂದನ್ನ ಓದುವಾಗ ದನಿ ಬೇರೆ ಆಯ್ತು ಸಾರ್. ಯಾರನ್ನೋ ಕರೆದ ಹಾಗಿತ್ತು. ಸಾಹೇಬ್ರಿಗೆ ಅದರ ಮೇಲೆ ಆಸೆ, ಮಗಳು ಹುಟ್ಟಿದ ಖುಷೀಲಿದ್ದಾರೆ, ಅದೇ ಗೆಲ್ಲಲಿ ಅಂತ ಕಣ್ಣಲ್ಲೇ ಮಾತಾಡ್ಕೊಂಡ್ವಿ. ನಮ್ಮ ಕೈಲಿ ಇನ್ನೇನು ಕೊಡೋಕಾಗುತ್ತೆ?”

ಅವನು ಟೋಪಿಯನ್ನು ಚೀಲದೊಳಗೆ ಹಾಕಿಕೊಂಡು ನಡೆದ. ಬೀದಿಯಲ್ಲಿ ಅಂಗಡಿಗಳು ಸಂಜೆಯ ವ್ಯಾಪಾರಕ್ಕೆ ತೆರೆಯುತ್ತಿದ್ದವು. ಒಂದರ ಮುಂಗಟ್ಟಿನಲ್ಲಿ ಅವನ ಡಬ್ಬಿಗಳು ಸಾಲಾಗಿ ನಿಂತಿದ್ದವು, ಬೆಳದಿಂಗಳು, ಮಳೆ, ಅಕ್ಕ. ಮೂರು ತಿಂಗಳಲ್ಲಿ ಆ ಸಾಲಿನ ತುದಿಗೆ ನಸುಗೆಂಪು ಬಾಟಲಿ ಬರುತ್ತದೆ. ಮಗು ಕತ್ತು ನಿಲ್ಲಿಸುವ ಹೊತ್ತಿಗೆ. ಶಾಲೆಗೆ ಸೇರುವ ಹೊತ್ತಿಗೆ ಪಕ್ಕದ ಬೆಂಚಿನ ಹುಡುಗಿಯರ ಮನೆಯಲ್ಲೆಲ್ಲ ಇರುತ್ತದೆ. ದೊಡ್ಡಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ಬೇರೆ ಹೆಸರಿಟ್ಟರೆ ಆಯಿತು. ಅಷ್ಟೇ ಉಳಿದಿರುವ ದಾರಿ. ನಿಜ ಹೇಳದೆಯೇ ಬೇರೆ ಹೆಸರು ಇಡಿಸಬೇಕು. ಏನು ಹೇಳುವುದೆಂದು ಆಸ್ಪತ್ರೆಯ ಮೆಟ್ಟಿಲು ಹತ್ತುವಷ್ಟರಲ್ಲಿ ತೀರ್ಮಾನಿಸಿಕೊಂಡ, ಮತ್ತು ತನ್ನ ತಲೆ ಇಂಥದ್ದಕ್ಕೆ ಎಷ್ಟು ಬೇಗ ಓಡುತ್ತದೆ ಎಂದು ನೋಡಿ ಮತ್ತೊಮ್ಮೆ ಹೇಸಿದ.

ಹೆಂಡತಿ ಮಂಚದ ಮೇಲೆ ಕಾಲು ಇಳಿಬಿಟ್ಟು, ತಲೆ ಬಾಚಿಕೊಂಡು, ಹೊರಡಲು ತಯಾರಾಗಿ ಕೂತಿದ್ದಳು. ಪಕ್ಕದಲ್ಲಿ ಫಾರಂ, ಒಂದೇ ಕಲಂ ಖಾಲಿ. ಕ್ಲರ್ಕಮ್ಮ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದಳು.

“ಬೇರೆ ಯಾವುದಾದ್ರೂ ಇಡೋಣ,” ಎಂದ ಅವನು, ಮಗುವನ್ನು ನೋಡದೆ.

“ಯಾಕೆ?”

“ಕೇಳಿದೆ. ಪ್ಯಾಕಿಂಗಿನವರನ್ನ. ಬೇಡ ಅಂದಿದ್ದೆ ನೀನು, ಆದರೂ ಕೇಳಿಬಿಟ್ಟೆ.”

ಅವಳ ಮುಖ ಬಿಗಿಯಿತು. ಮಗುವಿನ ಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಡಿಸಿದಳು. “ಏನಂದ್ರು?” ಎಂದಳು.

“ಯಾರಿಗೂ ಇಷ್ಟ ಆಗ್ಲಿಲ್ಲ.”

“ಒಬ್ಬರಿಗೂ?”

“ಒಬ್ಬರೂ ಕೈ ಎತ್ತಲಿಲ್ಲ.” ಸುಳ್ಳು ಇಷ್ಟು ಸಲೀಸಾಗಿ ಬಂದದ್ದಕ್ಕೆ ಅವನ ಕಿವಿ ಬಿಸಿಯಾಯಿತು. ಅವಳ ಕಣ್ಣು ತುಂಬುತ್ತದೆ, ಆಮೇಲೆ ಹಟ ಬಿಡುತ್ತಾಳೆ, ಆಮೇಲೆ ಯಾವುದೋ ಸಪ್ಪೆ ಹೆಸರು, ಯಾರೂ ಕದಿಯದಂಥದು, ಬರೆದು ಮನೆಗೆ ಹೋಗುವುದು ಎಂದು ಕಾದ. ಅವಳ ಕಣ್ಣು ತುಂಬಿತು. ಆದರೆ ತಲೆಯೆತ್ತಿದಾಗ ಅವಳು ನಗುತ್ತಿದ್ದಳು. ಇಷ್ಟು ವರ್ಷದಲ್ಲಿ ಅವಳು ಅಷ್ಟು ನಿಶ್ಚಿಂತೆಯಾಗಿ ನಕ್ಕದ್ದನ್ನು ಅವನು ನೋಡಿರಲಿಲ್ಲ.

“ಹಾಗಾದ್ರೆ ಒಳ್ಳೇದೇ ಆಯ್ತು ಬಿಡ್ರಿ,” ಎಂದಳು. “ನನಗೆ ಅದೇ ಭಯ ಇತ್ತು. ಚೆನ್ನಾಗಿದೆ ಅಂದ್ರೆ ಎಲ್ಲಿ ನಿಮ್ಮವರು ತಗೊಂಡುಬಿಡ್ತಾರೋ ಅಂತ. ಯಾರಿಗೂ ಬೇಡವಾ? ಸರಿ. ಇನ್ನು ಯಾರೂ ಮುಟ್ಟಲ್ಲ. ಇವಳೊಬ್ಬಳದೇ ಆಗಿರುತ್ತೆ. ಬರೀರಿ, ನಿಮ್ಮ ಅಕ್ಷರ ಚೆನ್ನಾಗಿದೆ.”

“ಬೇಗ ಸಾರ್, ಐದಾಯ್ತು,” ಎಂದಳು ಕ್ಲರ್ಕಮ್ಮ.

ಅವನು ಮಂಚದ ಅಂಚಿನ ಮೇಲೆ ಫಾರಂ ಇಟ್ಟು ಬರೆದ. ಬೆಳಿಗ್ಗೆ ಏಳನೆಯ ಸಾಲಿನಲ್ಲಿ ಬರೆದಿದ್ದ ಅದೇ ಪೆನ್ನು, ಅದೇ ದುಂಡಗಿನ ಅಕ್ಷರ. ಕ್ಲರ್ಕಮ್ಮ ಫಾರಂ ಎತ್ತಿಕೊಂಡು, ಬಾಯೊಳಗೇ ಓದಿಕೊಂಡು, ಚೆನ್ನಾಗಿದೆ ಎಂದು ತಲೆಯಾಡಿಸಿ ಹೋದಳು. ಹೆಂಡತಿ ಚೀಲದಲ್ಲಿದ್ದ ಹಳದಿ ಟೋಪಿಯನ್ನು ಕಂಡು, ಯಾರು ಕೊಟ್ಟದ್ದು ಎಂದೂ ಕೇಳದೆ, ಮಗುವಿನ ತಲೆಗೆ ಹಾಕಿದಳು. ಆಮೇಲೆ ಅದನ್ನು ಎರಡೂ ಕೈಯಲ್ಲಿ ಎತ್ತಿ ಅವನ ಕಡೆ ಹಿಡಿದಳು.

“ಒಂದ್ಸಲ ಕರೀರಿ. ಮೊದಲು ಅಪ್ಪನ ಬಾಯಲ್ಲಿ ಕೇಳಲಿ.”

ಅವನು ಕರೆದ. ಮುಖ ನಕ್ಕಿತು, ತುಟಿ ಸೇರಿದವು, ಬಿಟ್ಟುಕೊಂಡವು. ದನಿ ಕ್ಯಾಂಟೀನಿನಲ್ಲಿದ್ದ ಹಾಗೇ ಇತ್ತು. ಮಗು ನಿದ್ದೆಗಣ್ಣಿನಲ್ಲೇ ದನಿ ಬಂದ ಕಡೆಗೆ ನಿಧಾನವಾಗಿ ಮುಖ ತಿರುಗಿಸಿತು. ಅವನು ಅಭ್ಯಾಸಬಲದಿಂದ ಮನಸ್ಸಿನಲ್ಲೇ ಮೂರು ಎಣಿಸಿದ, ಮತ್ತು ತಲೆಗೆ ಮೊದಲು ಬಂದದ್ದು ಗುಲಾಬಿ, ಅದರ ಬೆನ್ನಿಗೇ ಆ್ಯಸಿಡ್.